ಸ್ಪ್ಯಾನರಿಗೆ ಗಂಡು ಹೆಣ್ಣೆಂಬುದುಂಟೆ?

"ಹೆಂಗಸರಿಗೇಕೆ ಸ್ಪ್ಯಾನರು?" ಎನ್ನುವವರಿಗೆ ನನ್ನದೊಂದು ಪ್ರಶ್ನೆ: ಕಬ್ಬಿನ ಲಾರಿಗಳ ನಡುವೆ ಪಾಂಡವಪುರದಿಂದ ಕೆ.ಆರ್. ಪೇಟೆಗೆ ಹೋಗುವಾಗ ಬೈಕಿನ ಹ್ಯಾಂಡಲ್ ಹಿಡಿತ ತಪ್ಪಿದರೆ ಬೀಳುವವರು ಗಂಡಸರು ಮಾತ್ರವೆ? ಮೈಸೂರಿನ ಕಾರ್ಖಾನೆ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ನಮ್ಮ ಜಗುಲಿಗೆ ಕಳಿಸಿತು. ನಮ್ಮ ಕೈಗೆ ಬಂದದ್ದು ಒರೆಸುವ ಬಟ್ಟೆ.

ಮುಂದಿನ ಚಕ್ರ ಎತ್ತಿ ನಿಲ್ಲಿಸಿ, ಹ್ಯಾಂಡಲ್ ತಿರುಗಿಸಿ ನೋಡಿ. ನಡುವೆ ತಡೆದು ನಿಂತರೆ ಕೋನ್‌ಸೆಟ್ ಸವೆದಿದೆ. ಹಳೆಯ ಬಟ್ಟಲುಗಳನ್ನು ಬಡಿದು ತೆಗೆದು, ಹೊಸದನ್ನು ನೇರವಾಗಿ ಕೂರಿಸಿ, ಗ್ರೀಸಿನಲ್ಲಿ ಗುಂಡುಗಳನ್ನು ಎಣಿಸಿ ಜೋಡಿಸಬೇಕು. ಅಲುಗಾಡದಂತೆ, ಆದರೆ ಸಲೀಸಾಗಿ ತಿರುಗುವಂತೆ ಬಿಗಿಯಬೇಕು. ಬೀಸುಕಲ್ಲು ಹದ ಮಾಡಿದ ಕೈಗೆ ಇದೇನು ಕಾಣದ ವಿದ್ಯೆಯೆ?

ಶಾಲೆಯಲ್ಲಿ ಘರ್ಷಣೆಯ ಪಾಠ ಇಬ್ಬರಿಗೂ ಒಂದೇ. ಮನೆಯಂಗಳದಲ್ಲಿ ಮಾತ್ರ ಮಗನಿಗೆ ಸ್ಪ್ಯಾನರು, ಮಗಳಿಗೆ ಕಾಫಿ ತರುವ ಕೆಲಸ! ತಾಯಂದಿರೇ, ಮುಂದಿನ ಸಲ ಮಗಳನ್ನೂ ಅಲ್ಲೇ ಕೂರಿಸಿ. ಕಾಫಿಯನ್ನು ಮಗ ತರಲಿ.