ಭಾರ ಹೊರುವ ರಸ್ತೆಯ ಲೆಕ್ಕ

ನಮ್ಮ ಅಡಿಗೆಮನೆಯ ಅಕ್ಕಿ ಬೇಳೆಗಳಿಂದ ಹಿಡಿದು ಮಕ್ಕಳ ಪಠ್ಯಪುಸ್ತಕದವರೆಗೆ, ಮನೆ ಕಟ್ಟುವ ಸಿಮೆಂಟಿನಿಂದ ಹಿಡಿದು ಮದುವೆಯ ಸೀರೆಯವರೆಗೆ, ಲಾರಿಯನ್ನೇರದೆ ಬಂದ ವಸ್ತು ಇಂದು ಯಾವುದಿದೆ? ದೇಶದ ಒಟ್ಟು ಸರಕಿನಲ್ಲಿ ಸುಮಾರು ಶೇಕಡ 70ರಷ್ಟು ಸಾಗುವುದು ರಸ್ತೆಯ ಮೂಲಕವೇ. ಆದರೂ ಲಾರಿಯೆಂದೊಡನೆ ನಮಗೆ ಹೊಗೆ, ಧೂಳು, ಹಾರ್ನು ಇವಿಷ್ಟೇ ನೆನಪಾಗುತ್ತವೆ. ಲಾರಿಗೂ ರಸ್ತೆಗೂ ಇರುವ ಸಂಬಂಧ ಒಂದು ಗಹನವಾದ ಶಾಸ್ತ್ರವೆಂಬುದನ್ನು, ಅದನ್ನು ಹಲವು ರಾಷ್ಟ್ರಗಳ ಪಂಡಿತರು ದಶಕಗಳಿಂದ ಕೂಡಿ ಅಭ್ಯಸಿಸುತ್ತ ಬಂದಿರುವುದನ್ನು ಬಲ್ಲವರು ವಿರಳ. ನಮ್ಮ ಓದುಗರಲ್ಲಿ ಲಾರಿ ಇಟ್ಟುಕೊಂಡ ಕುಟುಂಬದವರಿದ್ದಾರೆ. ಲಾರಿಗೆ ಮಾಲು ತುಂಬಿಸುವ ಅಡತಿ ಅಂಗಡಿಯವರೂ ಇದ್ದಾರೆ. ಈ ಸಲದ ಬರಹ ಇಬ್ಬರಿಗೂ ಸೇರಿದ್ದು.

ಈ ಶಾಸ್ತ್ರಕ್ಕೆ ಅಡಿಗಲ್ಲನ್ನಿಟ್ಟ ಪ್ರಯೋಗ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಬಳಿ ನಡೆಯಿತು. ಅಲ್ಲಿ ಬೇರೆ ಬೇರೆ ದಪ್ಪದ ಡಾಂಬರು ಹಾಗೂ ಕಾಂಕ್ರೀಟು ಪದರಗಳುಳ್ಳ ಆರು ಸುತ್ತುರಸ್ತೆಗಳನ್ನು ಪರೀಕ್ಷೆಗೆಂದೇ ನಿರ್ಮಿಸಿ, 1958ರಿಂದ 1960ರವರೆಗೆ ಹಗಲಿರುಳು ಲಾರಿಗಳನ್ನು ಓಡಿಸಿದರು. ಚಾಲಕರು ಸೈನಿಕರು. ಹನ್ನೊಂದು ಲಕ್ಷಕ್ಕೂ ಹೆಚ್ಚು ಬಾರಿ ತೂಕ ಹೊತ್ತ ಆಕ್ಸಲುಗಳು ಆ ರಸ್ತೆಗಳ ಮೇಲೆ ಹಾದುಹೋದವು. ಎಲ್ಲಿ ಬಿರುಕು ಬಿಟ್ಟಿತು, ಎಲ್ಲಿ ಗಾಲಿಯ ಜಾಡು ತಗ್ಗಾಯಿತು ಎಂಬುದನ್ನೆಲ್ಲ ದಾಖಲಿಸಿ ಕೊನೆಗೆ ಅವರು ಕಂಡುಕೊಂಡ ಸೂತ್ರ ಇಂದಿಗೂ ಜಗತ್ತಿನ ರಸ್ತೆ ಎಂಜಿನಿಯರುಗಳ ಕೈಪಿಡಿಯಲ್ಲಿದೆ. ರಸ್ತೆಗೆ ಆಗುವ ಹಾನಿಯು ಆಕ್ಸಲಿನ ಮೇಲಿನ ಭಾರದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆಂಬುದೇ ಆ ಸೂತ್ರ.

ಗಣಿತವೆಂದು ಪುಟ ತಿರುವಬೇಡಿ. ಇದು ಅಂಗಡಿಯ ಲೆಕ್ಕದಷ್ಟೇ ಸುಲಭ. ಆಕ್ಸಲಿನ ಮೇಲಿನ ಭಾರವನ್ನು ಇಮ್ಮಡಿಗೊಳಿಸಿದರೆ ಹಾನಿ ಎರಡು ಪಟ್ಟಾಗುವುದಿಲ್ಲ, ಎರಡನ್ನು ನಾಲ್ಕು ಸಲ ಗುಣಿಸಿದಂತೆ ಹದಿನಾರು ಪಟ್ಟಾಗುತ್ತದೆ. ಅರ್ಧ ಟನ್ ಭಾರ ಹೊರುವ ಕಾರಿನ ಆಕ್ಸಲಿಗೆ ಹೋಲಿಸಿದರೆ ಹತ್ತು ಟನ್ ಹೊತ್ತ ಲಾರಿಯ ಆಕ್ಸಲು ಒಂದು ಸಲ ಹಾದುಹೋದಾಗ ಆಗುವ ಸವೆತ 1,60,000 ಪಟ್ಟು. ಲಾರಿಗೆ "ಇನ್ನೊಂದಿಷ್ಟು ಹಾಕ್ರಿ, ಏನಾಗ್ತದ" ಎಂದು ಶೇಕಡ 20ರಷ್ಟು ಹೆಚ್ಚು ಮಾಲು ತುಂಬಿಸಿದರೆ ರಸ್ತೆಯ ಹಾನಿ ಎರಡು ಪಟ್ಟಿಗಿಂತ ತುಸು ಮಿಗಿಲೇ ಆಗುತ್ತದೆ. ಆ ಹೆಚ್ಚಿನ ಮಾಲಿನ ಬಾಡಿಗೆ ಯಾರ ಕಿಸೆಗೆ ಹೋಗುತ್ತದೆಯೋ ಹೋಗಲಿ, ರಸ್ತೆಯ ಖರ್ಚು ಮಾತ್ರ ತೆರಿಗೆ ಕೊಡುವ ಎಲ್ಲರದು. ಇದೇ ಸೂತ್ರದಲ್ಲಿ ಒಂದು ಶುಭವಾರ್ತೆಯೂ ಅಡಗಿದೆ. ಅಷ್ಟೇ ಭಾರವನ್ನು ಒಂದರ ಬದಲು ಎರಡು ಆಕ್ಸಲುಗಳಿಗೆ ಹಂಚಿದರೆ ಒಟ್ಟು ಹಾನಿ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಭಾರೀ ಲಾರಿಗೆ ಹತ್ತು, ಹನ್ನೆರಡು, ಹದಿನಾಲ್ಕು ಗಾಲಿಗಳು ಏಕೆಂದು ಕೇಳುವ ಮಕ್ಕಳಿಗೆ ತಾಯಂದಿರು ಇನ್ನು ಧಾರಾಳವಾಗಿ ಉತ್ತರ ಹೇಳಬಹುದು.

ಇಲಿನಾಯ್ ಪ್ರಯೋಗ ಒಂದು ದೇಶದ ಸಾಹಸ. 1990ರ ದಶಕದಲ್ಲಿ ಹದಿನೇಳು ದೇಶಗಳು ಸೇರಿ 'ಡಿವೈನ್' ಎಂಬ ಸಂಶೋಧನೆಯನ್ನು ಕೈಗೊಂಡವು. ಲಾರಿ ನಿಂತಾಗಿನ ತೂಕವಷ್ಟೇ ಅಲ್ಲ, ಓಡುವಾಗ ಅದು ಕುಣಿದು ಕುಣಿದು ರಸ್ತೆಯನ್ನು ಗುದ್ದುವ ಬಲವನ್ನೂ ಅಳೆಯುವುದು ಅದರ ಗುರಿ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ವರ್ತುಲಾಕಾರದ ಪರೀಕ್ಷಾ ಪಥದಲ್ಲಿ ಒಂದು ಜಾಡಿನ ಮೇಲೆ ಉಕ್ಕಿನ ಪಟ್ಟಿ ಸ್ಪ್ರಿಂಗಿನ ಗಾಲಿಯನ್ನು, ಇನ್ನೊಂದರ ಮೇಲೆ ಗಾಳಿ ತುಂಬಿದ ಸಸ್ಪೆನ್ಷನ್ನಿನ ಗಾಲಿಯನ್ನು ಸುತ್ತಿಸಿ ನೋಡಿದರು. ಗಾಳಿಯ ಸಸ್ಪೆನ್ಷನ್ ರಸ್ತೆಯ ಪಾಲಿಗೆ ಸೌಮ್ಯವಾದುದೆಂಬುದು ಸಿದ್ಧಪಟ್ಟಿತು. 1998ರಲ್ಲಿ ಪ್ರಕಟವಾದ ಆ ವರದಿ ಯಾವೊಂದು ದೇಶದ ಸ್ವತ್ತೂ ಅಲ್ಲ.

ಸೂತ್ರಕ್ಕೆ ಗಡಿಯಿಲ್ಲವೆಂಬುದನ್ನು ನಮ್ಮ ನಾಡು ಕಷ್ಟಪಟ್ಟು ಕಲಿತಿದೆ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಸಂಡೂರು, ಹೊಸಪೇಟೆಗಳ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿಯನ್ನು ಹಾದು, ಅರಬೈಲ್ ಘಟ್ಟವನ್ನಿಳಿದು ಬೇಲೆಕೇರಿಯ ಬಂದರಿಗೆ ಸಾಲುಗಟ್ಟಿ ಹೋಗುತ್ತಿದ್ದ ದೃಶ್ಯವನ್ನು ಕಂಡವರು ಮರೆತಿರಲಾರರು. ಕಬ್ಬಿಣದ ಅದಿರು ಬಲು ತೂಕದ ಪದಾರ್ಥ. ಲಾರಿಯ ಡಬ್ಬಿ ಅರೆಬರೆ ತುಂಬುವ ಹೊತ್ತಿಗೇ ಕಾನೂನಿನ ಮಿತಿ ಮುಗಿದಿರುತ್ತದೆ. ಅಂಚಿನವರೆಗೆ ತುಂಬಿದ್ದೆಂದರೆ ಮಿತಿಯನ್ನು ಎಷ್ಟು ಮೀರಿರಬೇಕೆಂಬುದನ್ನು ಓದುಗರೇ ಊಹಿಸಬಹುದು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು 2011ರಲ್ಲಿ ಸಲ್ಲಿಸಿದ ಗಣಿ ವರದಿಯಲ್ಲಿ ಈ ಅಧಿಕಭಾರದ ಸಾಗಣೆಯ ಪ್ರಸ್ತಾಪವೂ ಇದೆ. ಆ ವರ್ಷಗಳಲ್ಲಿ ಆ ಮಾರ್ಗದ ಹಳ್ಳಿಗಳವರು ಉಂಡ ಧೂಳಿಗೆ, ಹೊಂಡ ತಪ್ಪಿಸಲು ಹೋಗಿ ಬಿದ್ದವರ ನೋವಿಗೆ ನಾಲ್ಕನೆಯ ಘಾತದ ಸೂತ್ರ ಮೂಕಸಾಕ್ಷಿ.

2018ರ ಜುಲೈಯಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟಾಯರಿನ ಒಂಟಿ ಆಕ್ಸಲಿಗೆ ಇದ್ದ 10.2 ಟನ್ ಮಿತಿಯನ್ನು 11.5 ಟನ್ನಿಗೆ ಏರಿಸಿತು. ಇಂದಿನ ಲಾರಿಗಳು ಹಿಂದಿನವುಗಳಿಗಿಂತ ಗಟ್ಟಿಮುಟ್ಟಾಗಿರುವುದು ನಿಜ, ಸಾಗಣೆಯ ವೆಚ್ಚ ಇಳಿಯಬೇಕೆಂಬುದೂ ನ್ಯಾಯವೇ. ಆದರೆ ಪೂರ್ಣ ಮಿತಿಯ ಭಾರ ಹೊತ್ತ ಆಕ್ಸಲಿನಿಂದ ಆಗುವ ಸವೆತವು ಸೂತ್ರದ ಪ್ರಕಾರ ಸುಮಾರು ಶೇಕಡ 60ರಷ್ಟು ಹೆಚ್ಚುತ್ತದೆ. ಮಿತಿಯನ್ನು ಏರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಷ್ಟು ಈ ಲೆಕ್ಕ ಬರಲಿಲ್ಲವೆಂಬುದು ನಮ್ಮ ಆಕ್ಷೇಪ.

ಹಾಗಾದರೆ ಹೆಚ್ಚು ಮಾಲನ್ನು ಕಡಿಮೆ ಹಾನಿಯಲ್ಲಿ ಸಾಗಿಸುವ ದಾರಿಯಿಲ್ಲವೆ? ಇದೆ, ಅದನ್ನು ದಕ್ಷಿಣ ಆಫ್ರಿಕದಲ್ಲಿ ನೋಡಬಹುದು. ಲಾರಿಯ ಉದ್ದ ಇಷ್ಟೇ, ತೂಕ ಇಷ್ಟೇ ಎಂದು ವಿಧಿಸುವ ಬದಲು, ತಿರುವಿನಲ್ಲಿ ಉರುಳದೆ ನಿಲ್ಲುತ್ತದೆಯೆ, ಹಿಂಬದಿಯ ಟ್ರೇಲರ್ ಓಲಾಡದೆ ಹಿಂಬಾಲಿಸುತ್ತದೆಯೆ, ರಸ್ತೆಯನ್ನು ಎಷ್ಟು ಸವೆಸುತ್ತದೆ ಎಂದು ವಾಹನದ ವರ್ತನೆಯನ್ನೇ ಪರೀಕ್ಷಿಸಿ ಪರವಾನಗಿ ಕೊಡುವ ಪದ್ಧತಿ ಆಸ್ಟ್ರೇಲಿಯದಲ್ಲಿ ಬೆಳೆದುಬಂದಿತ್ತು. ಅದನ್ನು ಎರವಲು ಪಡೆದ ದಕ್ಷಿಣ ಆಫ್ರಿಕದ ಸಂಶೋಧಕರು 2007ರಲ್ಲಿ ಮರದ ದಿಮ್ಮಿ ಸಾಗಿಸುವ ಎರಡು ವಾಹನಗಳಿಂದ ಪ್ರಯೋಗ ಆರಂಭಿಸಿದರು. ಹೆಚ್ಚು ಆಕ್ಸಲುಗಳ ಮೇಲೆ ಹೆಚ್ಚು ದಿಮ್ಮಿ. ಆದ್ದರಿಂದ ಸುತ್ತುಗಳು ಕಡಿಮೆ, ಡೀಸೆಲ್ ಉಳಿತಾಯ. ಆದರೆ ನಮ್ಮನ್ನು ಹೆಚ್ಚು ಆಕರ್ಷಿಸಿದ್ದು ಅದಕ್ಕೆ ಒಡ್ಡಿದ ಕಟ್ಟಳೆ. ತೂಕದ ಶಿಸ್ತು, ವಾಹನದ ಸುಸ್ಥಿತಿ, ಚಾಲಕರ ಆರೋಗ್ಯ ಹಾಗೂ ತರಬೇತಿ ಇವುಗಳನ್ನು ತಾವಾಗಿಯೇ ಪಾಲಿಸಿ, ಹೊರಗಿನವರ ತಪಾಸಣೆಗೆ ಒಪ್ಪಿ ಪ್ರಮಾಣಪತ್ರ ಪಡೆದ ಮಾಲೀಕರಿಗೆ ಮಾತ್ರ ಈ ಅವಕಾಶ. ಮಾಲು ಕಳುಹಿಸುವವನೂ ಈ ವ್ಯವಸ್ಥೆಯ ಪಾಲುದಾರ. ಹೆದ್ದಾರಿಯಲ್ಲಿ ಪೋಲೀಸರು ಹಿಡಿಯುವ ಮೊದಲೇ, ತುಂಬುವ ಜಾಗದಲ್ಲಿಯೇ ತೂಕ ಸರಿಯಾಗಬೇಕೆಂಬುದು ಅದರ ತಿರುಳು.

ನಮ್ಮಲ್ಲಿ ಹೊಣೆ ಯಾರದು? ನಮ್ಮ ದೇಶದ ಬಹುಪಾಲು ಲಾರಿಗಳು ಒಂದೆರಡು ವಾಹನಗಳ ಸಣ್ಣ ಮಾಲೀಕರವು. ತಿಂಗಳ ಕಂತು ತಲೆಯ ಮೇಲಿರುವಾಗ, "ನೀ ಒಲ್ಲೆ ಅಂದ್ರ ಇನ್ನೊಬ್ಬ ಒಯ್ತಾನ" ಎಂಬ ಮಾತಿನೆದುರು ಅವನ ಬಾಯಿ ಕಟ್ಟುತ್ತದೆ. 2019ರ ತಿದ್ದುಪಡಿಯಂತೆ ಅಧಿಕಭಾರಕ್ಕೆ 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನೊಂದಕ್ಕೆ 2,000 ರೂಪಾಯಿ ದಂಡವಿದೆ. ಓಡಿಸಿದವನಂತೆಯೇ ಓಡಿಸಲು ಹಚ್ಚಿದವನೂ ತಪ್ಪಿತಸ್ಥನೆಂದು ಕಾನೂನು ಹೇಳುತ್ತದೆ. ಆದರೆ ನಡುರಾತ್ರಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುವವನು ಚಾಲಕನೇ ಹೊರತು ಮಾಲಿನ ಸಾಹುಕಾರನಲ್ಲ.

ಹೊಗೆಯ ಪ್ರಶ್ನೆಗೂ ಈಗ ಇಂಥದೇ ಕೂಡುದುಡಿಮೆ ನಡೆದಿದೆ. ಇಂಗ್ಲೆಂಡಿನ ಕೇಂಬ್ರಿಜ್ ಮತ್ತು ಸ್ಕಾಟ್ಲೆಂಡಿನ ಹೆರಿಯಟ್‌ವಾಟ್ ವಿಶ್ವವಿದ್ಯಾಲಯಗಳು 2012ರಲ್ಲಿ ಸ್ಥಾಪಿಸಿದ ಸುಸ್ಥಿರ ರಸ್ತೆ ಸರಕು ಸಾಗಣೆಯ ಕೇಂದ್ರದ ಸಹಯೋಗ ದಕ್ಷಿಣ ಆಫ್ರಿಕ, ಚೀನ, ಭಾರತಗಳಿಗೂ ಚಾಚಿದೆ. ನಮ್ಮ ನೀತಿ ಆಯೋಗವು ಅಮೆರಿಕದ ಸಂಸ್ಥೆಯೊಂದರೊಡನೆ 2022ರಲ್ಲಿ ಹೊರತಂದ ವರದಿಯ ಪ್ರಕಾರ, ವಾಹನಗಳ ಸಂಖ್ಯೆಯಲ್ಲಿ ಶೇಕಡ 3ರಷ್ಟೇ ಇರುವ ಲಾರಿಗಳು ಶೇಕಡ 53ರಷ್ಟು ಸೂಕ್ಷ್ಮ ಧೂಳಿಗೆ ಕಾರಣ. ಮದರಾಸಿನ ಐ.ಐ.ಟಿ.ಯಲ್ಲಿ ಹೊಗೆರಹಿತ ಲಾರಿಗಳಿಗೆಂದೇ ಒಂದು ಕೇಂದ್ರ 2023ರಲ್ಲಿ ಆರಂಭವಾಗಿದೆ.

ಇಲ್ಲಿಯೂ ಹಳೆಯ ಸೂತ್ರ ಬೆನ್ನು ಬಿಡುವುದಿಲ್ಲ. ದೂರ ಸಾಗುವ ವಿದ್ಯುತ್ ಲಾರಿಯ ಬ್ಯಾಟರಿಯೇ ಕೆಲವು ಟನ್ ತೂಗುತ್ತದೆ. ಅಷ್ಟು ಮಾಲು ಬಿಡಬೇಕು, ಇಲ್ಲವೆ ಮಿತಿ ಏರಬೇಕು. ಹೊಗೆಯಿಲ್ಲದ ಲಾರಿಗೆ ಎರಡು ಟನ್ನಿನವರೆಗೆ ಹೆಚ್ಚಿನ ಒಟ್ಟು ತೂಕವನ್ನು ಯುರೋಪು 2019ರಲ್ಲಿ ಒಪ್ಪಿಕೊಂಡಿತು. ಐರೋಪ್ಯ ಹೆದ್ದಾರಿಯ ಅಡಿಪಾಯ ಅದನ್ನು ತಾಳೀತು. ಮಳೆಗಾಲದಲ್ಲಿ ನೀರು ನಿಲ್ಲುವ ನಮ್ಮ ತಾಲ್ಲೂಕು ರಸ್ತೆ ಎಷ್ಟನ್ನು ತಾಳೀತೆಂಬುದನ್ನು ಕೇಂಬ್ರಿಜ್‌ನಲ್ಲಿ ಕುಳಿತು ಹೇಳಲಾಗದು. ಅದನ್ನು ಇಲ್ಲಿಯ ಮಣ್ಣಿನ ಮೇಲೆ, ಇಲ್ಲಿಯ ಲಾರಿಯನ್ನೇ ಓಡಿಸಿ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರೇ ಅಳೆಯಬೇಕಾಗಿದೆ.