ಫಿಲ್ಟರ್ ಬದಲಿಸಿದರೆ ಟ್ಯೂನಿಂಗ್ ಮಾಡಿಸಲೇಬೇಕಾ?

ಹೊಸರಿತ್ತಿಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಪರಿಚಯದ ಹುಡುಗನೊಬ್ಬ ಬೈಕ್ ನಿಲ್ಲಿಸಿ ಕೇಳಿದ: “ಅಣ್ಣಾರ, ಹೊಸಾ ಏರ್ ಫಿಲ್ಟರ್ ಹಾಕ್ಸೇನ್ರಿ. ಈಗ ಇಂಜೆಕ್ಷನ್ ಟ್ಯೂನಿಂಗೂ ಮಾಡಿಸ್ಬೇಕಂತ, ಇಲ್ಲಂದ್ರ ಇಂಜಿನ್ ಹೋಗತೈತಂತ. ಖರೇ ಏನ್ರಿ?” ಅವನಿಗೆ ಯಾರೋ ಹೇಳಿದ್ದ ರೇಟು ಕೇಳಿದರೆ ಮೂರ್ನಾಲ್ಕು ಕ್ವಿಂಟಲ್ ಗೋವಿನಜೋಳದ ದುಡ್ಡು.

ಇದೇ ಪ್ರಶ್ನೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹುಡುಗರಿಂದಲೂ ನಮಗೆ ಬರುತ್ತಿದೆ. ಹಾಗಾಗಿ ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಂಪನಿ ಫಿಲ್ಟರ್ ಕೂರುತ್ತಿದ್ದ ಅದೇ ಡಬ್ಬಿಯಲ್ಲಿ ಬೇರೆ ಫಿಲ್ಟರ್ ಕೂರಿಸಿದ್ದರೆ ಟ್ಯೂನಿಂಗ್ ಬೇಡ. ಡಬ್ಬಿಯನ್ನೇ ಕಿತ್ತು ಬಯಲಿಗೆ ಕೋನ್ ಫಿಲ್ಟರ್ ಸಿಕ್ಕಿಸಿದ್ದರೆ ಟ್ಯೂನಿಂಗ್ ಬೇಕು. ಆದರೆ ನಮ್ಮ ರಸ್ತೆಗಳಿಗೆ ಆ ದುಡ್ಡು ಸುರಿಯುವುದಕ್ಕಿಂತ ಡಬ್ಬಿ ಮರಳಿ ಹಾಕಿಸುವುದೇ ಶಾಣ್ಯಾತನ.

ಯಾಕೆ ಅಂತ ನೋಡೋಣ.

ಪೆಟ್ರೋಲ್ ಸರಿಯಾಗಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಈ ಲೆಕ್ಕವನ್ನು ಹಿತ್ತಾಳೆಯ ಸಣ್ಣ ಜೆಟ್ ನೋಡಿಕೊಳ್ಳುತ್ತಿತ್ತು. ಜೆಟ್‌ನ ತೂತು ಬದಲಾಗುವುದಿಲ್ಲ. ಗಾಳಿ ಹೆಚ್ಚಾದರೆ ಪೆಟ್ರೋಲ್ ಸಾಲುತ್ತಿರಲಿಲ್ಲ, ಮೇಸ್ತ್ರಿ ದೊಡ್ಡ ಜೆಟ್ ಹಾಕಿ ಸ್ಕ್ರೂ ತಿರುವಿ ಸರಿಮಾಡುತ್ತಿದ್ದ. “ಫಿಲ್ಟರ್ ಬದಲಿಸಿದರೆ ಟ್ಯೂನಿಂಗ್ ಮಾಡಿಸು” ಎಂಬ ಮಾತು ಆ ಕಾಲದ್ದು. ಆಗ ಅದು ಸರಿಯೇ ಇತ್ತು.

2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂತು. ಸ್ಪ್ಲೆಂಡರ್, ಶೈನ್‌ನಂಥ ದಿನಬಳಕೆಯ ಬೈಕಿಗೂ ಫ್ಯುಯೆಲ್ ಇಂಜೆಕ್ಷನ್ ಬಂತು. ಈಗ ಲೆಕ್ಕ ಇಡುವುದು ಇಸಿಯು ಎಂಬ ಸಣ್ಣ ಕಂಪ್ಯೂಟರ್. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಒಳಗೆ ಬರುವ ಗಾಳಿಯ ಬಿಸಿ ಎಷ್ಟು ಎಂಬುದನ್ನು ಸೆನ್ಸರ್‌ಗಳು ಅದಕ್ಕೆ ತಿಳಿಸುತ್ತವೆ. ಹಲವು ಬೈಕ್‌ಗಳಲ್ಲಿ ಗಾಳಿಯ ಒತ್ತಡ ಅಳೆಯುವ ಸೆನ್ಸರೂ ಇದೆ. ಅದು ಕೂರುವುದು ಫಿಲ್ಟರ್ ಮತ್ತು ಥ್ರಾಟಲ್ ದಾಟಿದ ಮೇಲೆ. ಹಾಗಾಗಿ ಫಿಲ್ಟರ್ ಸ್ವಲ್ಪ ಸಡಿಲವಾಗಿ ಗಾಳಿ ಬಿಟ್ಟರೂ ಒತ್ತಡದ ಬದಲಾವಣೆ ಅದಕ್ಕೆ ಗೊತ್ತಾಗುತ್ತದೆ, ಇಸಿಯು ಪೆಟ್ರೋಲನ್ನೂ ಅದಕ್ಕೆ ತಕ್ಕಂತೆ ಬಿಡುತ್ತದೆ.

ಇದರ ಜೊತೆ ಸೈಲೆನ್ಸರ್ ಪೈಪಿನ ಬುಡದಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಉರಿದ ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ “ಪೆಟ್ರೋಲ್ ಕಡಿಮೆಯಾಯ್ತು” ಎಂದು ಇಸಿಯುಗೆ ಸುದ್ದಿ ಮುಟ್ಟಿಸುತ್ತದೆ. ಐಡ್ಲಿಂಗ್‌ನಲ್ಲಿ, ಸಮನಾದ ವೇಗದಲ್ಲಿ ಓಡುವಾಗ ಈ ತಿದ್ದುಪಡಿ ನಡೆಯುತ್ತಲೇ ಇರುತ್ತದೆ. ಅಂದರೆ ಸಣ್ಣಪುಟ್ಟ ಟ್ಯೂನಿಂಗನ್ನು ಬೈಕ್ ತಾನೇ ಮಾಡಿಕೊಳ್ಳುತ್ತಿದೆ. ಅದಕ್ಕೆ ಬೇರೆಯವರಿಗೆ ದುಡ್ಡು ಕೊಡುವುದೇಕೆ?

ಆದರೆ ಈ ತಿದ್ದುಪಡಿಗೂ ಮಿತಿ ಇದೆ. ಥ್ರಾಟಲ್ ಪೂರ್ತಿ ತಿರುವಿದಾಗ ಸಾಮಾನ್ಯವಾಗಿ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಬಿಟ್ಟು, ಕಂಪನಿ ಮೊದಲೇ ಬರೆದಿಟ್ಟ ಕೋಷ್ಟಕದ ಪ್ರಕಾರ ಪೆಟ್ರೋಲ್ ಬಿಡುತ್ತದೆ. ಆ ಕೋಷ್ಟಕ ಬರೆದಿರುವುದು ಕಂಪನಿ ಡಬ್ಬಿ ಇದ್ದಾಗ ಗಾಳಿ ಬರುವ ರೀತಿಗೆ. ಡಬ್ಬಿ ತೆಗೆದರೆ ಗಾಳಿಯ ಹರಿವೇ ಬದಲಾಗುತ್ತದೆ. ಸೈಲೆನ್ಸರನ್ನೂ ಬದಲಿಸಿದ್ದರೆ ಇನ್ನಷ್ಟು ಏರುಪೇರು. ಪೆಟ್ರೋಲ್ ಸಾಲದೆ ಇಂಜಿನ್ ಬಿಸಿಯಾಗುತ್ತದೆ, ಜಗ್ಗಾಡುತ್ತದೆ, ಥ್ರಾಟಲ್ ಬಿಟ್ಟಾಗ ಸೈಲೆನ್ಸರ್ ಪಟಪಟ ಸಿಡಿಯುತ್ತದೆ. ಆ ಸದ್ದನ್ನೇ ಪವರ್ ಅಂತ ತಿಳಿದು ಖುಷಿಪಡುವವರೂ ಇದ್ದಾರೆ.

ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥೆನಾಲ್ ಇದೆ ಎಂಬುದೂ ನೆನಪಿರಲಿ. ನಮ್ಮಂಥ ರೈತರ ಗೋವಿನಜೋಳವೂ ಎಥೆನಾಲ್ ಆಗುತ್ತಿದೆ. ಎಥೆನಾಲ್ ಒಂದು ಗ್ರಾಂ ಉರಿಯಲು ಸುಮಾರು 9 ಗ್ರಾಂ ಗಾಳಿ ಸಾಕು. ಅಂದರೆ ಅದೇ ಗಾಳಿಗೆ ಇಂಧನ ಸ್ವಲ್ಪ ಹೆಚ್ಚು ಬೇಕು. ಹಳೆಯ ಲೆಕ್ಕಕ್ಕೆ ಸೆಟ್ ಆಗಿರುವ ಬೈಕಿನ ಇಸಿಯು ಈಗಾಗಲೇ ಆ ಕೊರತೆ ತುಂಬುವ ಕೆಲಸದಲ್ಲಿದೆ. ಅದರ ಮೇಲೆ ಡಬ್ಬಿಯನ್ನೂ ಕಿತ್ತರೆ ಹೊರೆ ಎರಡಾಯಿತು.

ಟ್ಯೂನಿಂಗ್ ಎನ್ನುವುದೇ ಮೋಸ ಎಂದು ನಾವು ಹೇಳುತ್ತಿಲ್ಲ. ಬೆಂಗಳೂರಿನ ರೇಸ್ ಡೈನಾಮಿಕ್ಸ್ ಕಂಪನಿಯೇ ಪವರ್‌ಟ್ರಾನಿಕ್, ಫ್ಯುಯೆಲ್‌ಎಕ್ಸ್ ಎಂಬ ಪೆಟ್ಟಿಗೆಗಳನ್ನು ತಯಾರಿಸುತ್ತದೆ. ಬೈಕಿನ ವೈರಿಂಗ್‌ಗೆ ಜೋಡಿಸಿದರೆ ಅವು ಇಂಧನದ ಲೆಕ್ಕ ಬದಲಿಸುತ್ತವೆ. ರೇಸ್ ಟ್ರ್ಯಾಕಿಗೆ ಹೋಗುವವರಿಗೆ, ಸೈಲೆನ್ಸರ್, ಫಿಲ್ಟರ್ ಎಲ್ಲ ಬದಲಿಸಿದವರಿಗೆ ಅದರ ಕೆಲಸ ಇದೆ. ಆದರೆ ಸರಿಯಾದ ಟ್ಯೂನಿಂಗ್ ಆಗಬೇಕಾದರೆ ಬೈಕನ್ನು ಡೈನೋ ಮಷೀನ್ ಮೇಲೆ ಓಡಿಸಿ, ಹೊಗೆಯಲ್ಲಿನ ಆಮ್ಲಜನಕ ಅಳೆದು, ಒಂದೊಂದು ವೇಗಕ್ಕೂ ಲೆಕ್ಕ ಹೊಂದಿಸಬೇಕು. ಅಳತೆಯೇ ಇಲ್ಲದೆ “ಮಾಡಿಕೊಟ್ಟೆ” ಅಂದರೆ ಏನು ಮಾಡಿದರು ಅಂತ ಕೇಳುವ ಹಕ್ಕು ನಿಮಗಿದೆ.

ಲಾಭವನ್ನೂ ಲೆಕ್ಕ ಹಾಕೋಣ. 97.2 ಸಿಸಿಯ ಬಿಎಸ್6 ಸ್ಪ್ಲೆಂಡರ್‌ನ ಶಕ್ತಿ ಸುಮಾರು 8 ಅಶ್ವಶಕ್ತಿ. ಮಾರುವವನು ಹೇಳುವ 5% ಹೆಚ್ಚಳ ಖರೇ ಅಂತಲೇ ಇಟ್ಟುಕೊಳ್ಳಿ. ಸಿಗುವುದು 0.4 ಅಶ್ವಶಕ್ತಿ, ಅದೂ ಥ್ರಾಟಲ್ ಪೂರ್ತಿ ತಿರುವಿದಾಗ. ಹಿಂದೆ ಒಂದು ಹಾಲಿನ ಕ್ಯಾನು, ಮುಂದೆ ಒಂದು ಗೊಬ್ಬರದ ಚೀಲ ಇಟ್ಟುಕೊಂಡು ಹೋಗುವವನಿಗೆ ಅದು ಗೊತ್ತೂ ಆಗುವುದಿಲ್ಲ.

ಕಳೆದುಕೊಳ್ಳುವುದು ಮಾತ್ರ ದೊಡ್ಡದು. ಅದೇ ಇಂಜಿನ್ 5,000 ಸುತ್ತಿನಲ್ಲಿ, ಥ್ರಾಟಲ್ ಪೂರ್ತಿ ತೆರೆದಿದ್ದರೆ, ನಿಮಿಷಕ್ಕೆ ಹೆಚ್ಚುಕಡಿಮೆ 240 ಲೀಟರ್ ಗಾಳಿ ಎಳೆಯುತ್ತದೆ. ಆ ಗಾಳಿ ಎಂಥದ್ದು? ಎರೆ ಹೊಲದ ದಾರಿಯ ಹುಡಿ, ರಸ್ತೆ ಮೇಲೆ ಗೋವಿನಜೋಳ ರಾಶಿ ಮಾಡುವಾಗ ಏಳುವ ಹೊಟ್ಟು, ಟ್ರ್ಯಾಕ್ಟರ್ ಹಿಂದಿನ ಮಣ್ಣು. ಇದರಲ್ಲಿನ ಮರಳಿನ ಸಣ್ಣ ಕಣ ಒಳಗೆ ಹೋದರೆ ಪಿಸ್ಟನ್ ರಿಂಗ್, ಬೋರ್ ಸವೆಯುತ್ತವೆ. ಆಮೇಲೆ ಆಯಿಲ್ ತಿನ್ನುತ್ತದೆ, ಹೊಗೆ ಉಗುಳುತ್ತದೆ. ಯಾವ ಟ್ಯೂನಿಂಗೂ ಧೂಳನ್ನು ತಡೆಯುವುದಿಲ್ಲ. ಗಾಳಿ ಸಲೀಸಾಗಿ ಬಿಡುವ ಕೋನ್ ಫಿಲ್ಟರ್ ಬಯಲಿಗೆ ನಿಂತರೆ ಧೂಳೂ ನೇರ ಅದರ ಮೇಲೆ, ಮಳೆನೀರೂ ಅದರ ಮೇಲೆ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ಸೇರಿದ 182ಎ ಕಲಮಿನ ಪ್ರಕಾರ, ಅನುಮತಿ ಇಲ್ಲದ ರೀತಿಯಲ್ಲಿ ವಾಹನ ಮಾರ್ಪಡಿಸಿದ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ವಾರಂಟಿ ಇದ್ದ ಬೈಕಾದರೆ ಅದಕ್ಕೂ ತಕರಾರು ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಬೈಕಿನ ಮ್ಯಾನ್ಯುವಲ್ ತೆಗೆದು ಫಿಲ್ಟರ್ ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ನೋಡಿ. ನಮ್ಮ ಧೂಳಿಗೆ ಅದಕ್ಕೂ ಮುಂಚೆಯೇ ಬದಲಿಸಿ. ಎಣ್ಣೆ ಹಚ್ಚಿದ ಕಾಗದದ ಫಿಲ್ಟರನ್ನು ಪಂಕ್ಚರ್ ಅಂಗಡಿಯ ಕಂಪ್ರೆಸರ್‌ನಿಂದ ಊದಿಸಬೇಡಿ, ಹೊಸದು ಹಾಕಿಸಿ. ತೊಳೆದು ಬಳಸುವ ಬಟ್ಟೆಯ ಫಿಲ್ಟರ್ ಹಾಕಿದ್ದರೆ ನೆರಳಲ್ಲಿ ಒಣಗಿಸಿ, ಅದರದೇ ಎಣ್ಣೆಯನ್ನು ಹದವಾಗಿ ಹಚ್ಚಿ. ಡಬ್ಬಿಯ ಮುಚ್ಚಳ, ರಬ್ಬರ್ ಬಿಗಿಯಾಗಿ ಕೂತಿವೆಯಾ ನೋಡಿ. ಮೀಟರಿನಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಉರಿಯುತ್ತಲೇ ಇದ್ದರೆ ಸ್ಕ್ಯಾನರ್ ಇರುವ ಕಡೆ ತೋರಿಸಿ.

ಆ ಹುಡುಗನ ಬೈಕಿನ ಸೈಡ್ ಕವರ್ ಅಲ್ಲೇ ಬಿಚ್ಚಿ ನೋಡಿದೆವು. ಡಬ್ಬಿ ಇತ್ತು, ಫಿಲ್ಟರ್ ಒಳಗೇ ಕೂತಿತ್ತು. ಮುಚ್ಚಳದ ಒಂದು ಸ್ಕ್ರೂ ಮಾತ್ರ ಇರಲಿಲ್ಲ. “ಟ್ಯೂನಿಂಗ್ ಬ್ಯಾಡೋ, ಮೊದಲ ಆ ಸ್ಕ್ರೂ ಹಾಕ್ಸು” ಅಂದೆವು.