ಕಂಡ ಮುಖ, ಸಿಕ್ಕ ಚಿನ್ನ: ಸುಲಿಗೆ ಪ್ರಕರಣದ ಶಿಕ್ಷೆ ಮೇಲ್ಮನವಿಯಲ್ಲಿ ಉಳಿಯುವುದೇ?

ಕೆಜಿಎಫ್: ಸುಲಿಗೆ ಪ್ರಕರಣದಲ್ಲಿ ಆರೋಪಿಗೆ ಶಿಕ್ಷೆಯಾಯಿತು ಎಂಬ ಸುದ್ದಿಯೊಂದಿಗೆ ಸಾರ್ವಜನಿಕರ ಮಟ್ಟಿಗೆ ಪ್ರಕರಣ ಮುಗಿಯುತ್ತದೆ. ಕಾನೂನಿನ ಮಟ್ಟಿಗೆ ಅದು ಅರ್ಧ ದಾರಿ ಮಾತ್ರ. ಮೊದಲ ಮೇಲ್ಮನವಿಯಲ್ಲಿ ಸಾಕ್ಷ್ಯವನ್ನೆಲ್ಲ ಮತ್ತೊಮ್ಮೆ ತೂಗಿ ನೋಡುವ ಅಧಿಕಾರವೂ ಹೊಣೆಯೂ ಮೇಲಿನ ನ್ಯಾಯಾಲಯಕ್ಕಿದೆ. ಆಗ ಶಿಕ್ಷೆ ಉಳಿಯುವುದೋ ಬೀಳುವುದೋ ಎಂಬುದು ವಕೀಲರ ವಾಕ್ಚಾತುರ್ಯಕ್ಕಿಂತ ಹೆಚ್ಚಾಗಿ, ಘಟನೆ ನಡೆದ ಮೊದಲ ಕೆಲವು ವಾರಗಳಲ್ಲಿ ಪೊಲೀಸ್ ಠಾಣೆಯಲ್ಲಿ ಏನು ನಡೆಯಿತು ಎಂಬುದನ್ನು ಅವಲಂಬಿಸಿರುತ್ತದೆ.

ಕೆಜಿಎಫ್ ಮತ್ತು ಬಂಗಾರಪೇಟೆ ಭಾಗದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದ ನಂತರ ಗಣಿ ಕಾಲೊನಿಗಳ ಸಾವಿರಾರು ಮಂದಿಗೆ ಬೆಂಗಳೂರಿನ ದುಡಿಮೆಯೇ ಆಧಾರವಾಯಿತು. ಮಾರಿಕುಪ್ಪಂನಿಂದ ಬಂಗಾರಪೇಟೆ ಮಾರ್ಗವಾಗಿ ಸಾಗುವ ರೈಲು ಹಿಡಿಯಲು ನಸುಕಿನಲ್ಲೇ ಮನೆ ಬಿಡುವವರು, ರಾತ್ರಿ ಕತ್ತಲಲ್ಲಿ ಮರಳುವವರು ಇವರು. ಇಂತಹ ಹೊತ್ತಿನಲ್ಲಿ ಕೊರಳಿನ ಸರಕ್ಕೆ ಕೈ ಹಾಕಿದವನ ಮುಖ ಕಾಣುವುದು ಕೆಲವೇ ಕ್ಷಣ. ಆ ಕೆಲವು ಕ್ಷಣಗಳ ನೋಟದ ಮೇಲೆ ಒಬ್ಬ ಮನುಷ್ಯನ 10 ವರ್ಷ ನಿಂತಿರುತ್ತದೆ. ಸುಲಿಗೆಗೆ ಕಾನೂನು ನಿಗದಿಪಡಿಸಿದ ಗರಿಷ್ಠ ಶಿಕ್ಷೆ ಅದು; ಕೃತ್ಯ ಹೆದ್ದಾರಿಯಲ್ಲಿ, ಸೂರ್ಯಾಸ್ತದಿಂದ ಸೂರ್ಯೋದಯದ ನಡುವೆ ನಡೆದಿದ್ದರೆ 14 ವರ್ಷ. (ಪತ್ರಿಕೆಗಳು ಎಲ್ಲವನ್ನೂ ದರೋಡೆ ಎಂದೇ ಬರೆಯುವುದುಂಟು. ಐವರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಸೇರಿ ಸುಲಿಗೆ ಮಾಡಿದರೆ ಮಾತ್ರ ಕಾನೂನಿನ ದೃಷ್ಟಿಯಲ್ಲಿ ಅದು ಡಕಾಯಿತಿ.)

ಗುರುತು ಹಿಡಿಯುವ ಬಗೆ

ಅಪರಿಚಿತ ಆರೋಪಿಯನ್ನು ಸಾಕ್ಷಿ ಗುರುತಿಸಬಲ್ಲನೇ ಎಂಬುದನ್ನು ಪರೀಕ್ಷಿಸಲು ಗುರುತು ಪತ್ತೆ ಪರೇಡ್ ಇದೆ. ರಾಜ್ಯದಲ್ಲಿ ಸಾಮಾನ್ಯವಾಗಿ ತಾಲ್ಲೂಕು ದಂಡಾಧಿಕಾರಿಯಾದ ತಹಶೀಲ್ದಾರರು ಇದನ್ನು ನಡೆಸುತ್ತಾರೆ. ಆದರೆ ಪರೇಡ್ ಸ್ವತಃ ಮೂಲ ಸಾಕ್ಷ್ಯವಲ್ಲ. ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಗುರುತಿಸುವುದೇ ಮೂಲ ಸಾಕ್ಷ್ಯ, ಪರೇಡ್ ಅದಕ್ಕೆ ಪೂರಕ ಎಂದು ಮಲ್ಖಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಿದೆ. ಹಾಗೆಂದು ಪರೇಡ್ ನಡೆಸದೆ ವರ್ಷಗಳ ನಂತರ ಕಟಕಟೆಯಲ್ಲಿ ನಿಂತ ಒಬ್ಬನೇ ವ್ಯಕ್ತಿಯತ್ತ ಬೆರಳು ತೋರಿಸಿದರೆ, ಆ ಗುರುತಿಗೆ ಮೇಲ್ಮನವಿಯಲ್ಲಿ ಹೆಚ್ಚಿನ ಬೆಲೆ ಸಿಗುವುದು ಕಷ್ಟ.

ಪರೇಡ್‌ಗೆ ಮುನ್ನ ಸಾಕ್ಷಿಗಳಿಗೆ ಆರೋಪಿಯನ್ನೋ ಅವನ ಭಾವಚಿತ್ರವನ್ನೋ ನೋಡುವ ಅವಕಾಶವಿದ್ದರೆ ಇಡೀ ಪ್ರಕ್ರಿಯೆಯೇ ನಿರರ್ಥಕ. ಕೇರಳದ ಗಿರೀಶನ್ ನಾಯರ್ ಪ್ರಕರಣದ 2022ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಮೇಜಿನ ಮೇಲೆ ಒಡವೆ ಹರಡಿ, ಹಿಂದೆ ಆರೋಪಿಗಳನ್ನು ನಿಲ್ಲಿಸಿ ಪೊಲೀಸ್ ಅಧಿಕಾರಿಗಳು ನಡೆಸುವ ಪತ್ರಿಕಾಗೋಷ್ಠಿಗಳು ಇಲ್ಲಿ ನೆನಪಾಗದೆ ಇರವು. ಮುಖ ಮುಚ್ಚದ ಚಿತ್ರವೊಂದು ಮರುದಿನ ಅಚ್ಚಾದರೆ ಆರೋಪಿಯ ಪರ ವಕೀಲರಿಗೆ ಅದಕ್ಕಿಂತ ಒಳ್ಳೆಯ ದಾಖಲೆ ಬೇಕಿಲ್ಲ. ತನಿಖೆಯ ಯಶಸ್ಸನ್ನು ಸಾರುವ ಅವಸರವೇ ಆ ಯಶಸ್ಸನ್ನು ನುಂಗಿಹಾಕುತ್ತದೆ.

ಭಾಷೆಯ ತೊಡಕು ಇನ್ನೊಂದು. ಗಣಿ ಪ್ರದೇಶದ ಬಹುತೇಕ ಮನೆಗಳಲ್ಲಿ ಆಡುವುದು ತಮಿಳು. ಸುತ್ತಲಿನ ಹಳ್ಳಿಗಳಲ್ಲಿ ತೆಲುಗು ಹೇರಳ. ಠಾಣೆಯಲ್ಲಿ ಹೇಳಿಕೆ ಬರೆಯುವುದು ಕನ್ನಡದಲ್ಲಿ. ಆ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತೆಯೂ ಇಲ್ಲ. ಎಡಗೆನ್ನೆಯ ಮಚ್ಚೆಯ ಬಗ್ಗೆ ಆಕೆ ತಮಿಳಿನಲ್ಲಿ ಹೇಳಿದ್ದರೂ ಬರೆದುಕೊಂಡವರು ಬಿಟ್ಟಿದ್ದರೆ, ಪಾಟಿ ಸವಾಲಿನ ವೇಳೆ ಅದು ನಂತರ ಸೇರಿಸಿದ ಮಾತಾಗಿ ಕಾಣುತ್ತದೆ. ಸುಳ್ಳಾಡದ ಸಾಕ್ಷಿಯೂ ಹೀಗೆ ಸೋಲಬಹುದು.

ಒಂದು ವರ್ಷದ ಬಳಿಕ ಸಿಕ್ಕ ಒಡವೆ

ಕಣ್ಣಾರೆ ಕಂಡವರು ಯಾರೂ ಇಲ್ಲದಿದ್ದರೂ ಶಿಕ್ಷೆ ಉಳಿಯಬಹುದು ಎಂಬುದಕ್ಕೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್ ತಲುಪಿದ ಈರಭದ್ರಪ್ಪ ಪ್ರಕರಣ ಇಂದಿಗೂ ಆಧಾರ. 1979ರಲ್ಲಿ ಗೃಹಿಣಿಯೊಬ್ಬರನ್ನು ಮನೆಯಲ್ಲೇ ಕತ್ತು ಹಿಸುಕಿ ಕೊಂದು ಚಿನ್ನಾಭರಣ ದೋಚಲಾಗಿತ್ತು. ಸುಳ್ಳು ಹೆಸರು ಹೇಳಿ ಕೆಲಸಕ್ಕೆ ಸೇರಿದ್ದ ಆಳು ಅಂದೇ ಕಣ್ಮರೆಯಾಗಿದ್ದ. ಸಿಕ್ಕಿದ್ದು ಸುಮಾರು ಒಂದು ವರ್ಷದ ನಂತರ. ಅವನು ನೀಡಿದ ಮಾಹಿತಿಯಂತೆ ಒಡವೆಗಳು, ರೇಷ್ಮೆ ಸೀರೆಗಳು ಪತ್ತೆಯಾದವು. ಕಳವಿನ ಮಾಲು ಕೃತ್ಯದ ಬೆನ್ನಲ್ಲೇ ಯಾರ ಬಳಿ ಸಿಕ್ಕಿತೋ ಅವನೇ ಕಳ್ಳ ಎಂದು ಊಹಿಸಲು ಸಾಕ್ಷ್ಯ ಕಾಯ್ದೆ ಅವಕಾಶ ಕೊಡುತ್ತದೆ. ವರ್ಷ ಕಳೆದ ಮೇಲೆ ಈ ಊಹೆ ಸಲ್ಲುವುದೇ ಎಂಬುದು ಮೇಲ್ಮನವಿಯ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು.

ಇಷ್ಟೇ ದಿನ ಎಂಬ ಗಡುವು ಇಲ್ಲ, ಆಯಾ ಪ್ರಕರಣದ ಸಂಗತಿಗಳೇ ನಿರ್ಣಾಯಕ ಎಂದಿತು 1983ರ ತೀರ್ಪು. ಆರೋಪಿ ತಲೆಮರೆಸಿಕೊಂಡಿದ್ದ, ಆ ವಸ್ತುಗಳು ಕೈಯಿಂದ ಕೈಗೆ ಸುಲಭವಾಗಿ ದಾಟುವಂಥವಲ್ಲ. ಒಡವೆಗಳನ್ನು ಬೇರೆ ಒಡವೆಗಳೊಂದಿಗೆ ಬೆರೆಸಿಟ್ಟು ಗುರುತಿಸಲಿಲ್ಲ ಎಂಬ ಆಕ್ಷೇಪವೂ ನಿಲ್ಲಲಿಲ್ಲ. ಕುಟುಂಬದ ವಸ್ತುಗಳನ್ನು ಹೆಂಗಸರು ಕರಾರುವಾಕ್ಕಾಗಿ ಗುರುತಿಸಬಲ್ಲರು ಎಂಬ ಲೋಕಾನುಭವದ ಮಾತನ್ನು ನ್ಯಾಯಾಲಯ ಒಪ್ಪಿತು. ಕೊಲೆ ಮತ್ತು ಸುಲಿಗೆಯ ಅಪರಾಧ ಸ್ಥಿರವಾಯಿತು. ಮರಣದಂಡನೆ ಮಾತ್ರ ಜೀವಾವಧಿಗೆ ಇಳಿಯಿತು.

ಇದನ್ನೇ ಎಲ್ಲ ಪ್ರಕರಣಗಳಿಗೂ ಅನ್ವಯಿಸುವುದು ಅಪಾಯಕಾರಿ. ಅಲ್ಲಿ ಸುಳ್ಳು ಹೆಸರು, ಪರಾರಿ, ಪತ್ತೆಯಾದ ಮಾಲು ಒಂದಕ್ಕೊಂದು ಹೆಣೆದುಕೊಂಡಿದ್ದವು. ಮರುವರ್ಷವೇ, 1984ರ ಶರದ್ ಬಿರ್ಧಿಚಂದ್ ಸಾರ್ದಾ ತೀರ್ಪಿನಲ್ಲಿ, ಸಾಂದರ್ಭಿಕ ಸಾಕ್ಷ್ಯದ ಸರಪಳಿ ಆರೋಪಿಯ ನಿರಪರಾಧಿತ್ವಕ್ಕೆ ಎಡೆಯೇ ಇಲ್ಲದಷ್ಟು ಪೂರ್ಣವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ವಿಧಿಸಿತು. ಗಡಿ ದಾಟಿ ಕುಪ್ಪಂನಲ್ಲೋ ಕೃಷ್ಣಗಿರಿಯಲ್ಲೋ ಗಿರವಿ ಅಂಗಡಿಯಿಂದ ಸರ ವಶಪಡಿಸಿಕೊಂಡು, ಮಹಜರು ಸಾಕ್ಷಿಗಳನ್ನು ಮಾತ್ರ ಇಲ್ಲಿಂದಲೇ ಕರೆದೊಯ್ದಿದ್ದರೆ? ಸಾಕ್ಷಿಗಳು ನ್ಯಾಯಾಲಯದಲ್ಲಿ ತಿರುಗಿಬಿದ್ದರೆ? ಚಿನ್ನ ಆಗಲೇ ಕರಗಿ ಗಟ್ಟಿಯಾಗಿದ್ದರೆ ಯಾವ ಗೃಹಿಣಿಯೂ ಅದನ್ನು ಗುರುತಿಸಲಾರಳು. ಮಾಲು ಸಿಕ್ಕಿದ್ದು ಮಾತ್ರ ಸಾಬೀತಾಗಿ, ಸುಲಿದವನು ಇವನೇ ಎಂಬುದು ಸಾಬೀತಾಗದಿದ್ದರೆ ಉಳಿಯಬಹುದಾದ ಅಪರಾಧ ಕಳವಿನ ಮಾಲು ಇಟ್ಟುಕೊಂಡದ್ದಷ್ಟೇ. ಅದರ ಗರಿಷ್ಠ ಶಿಕ್ಷೆ 3 ವರ್ಷ.

ಮೇಲ್ಮನವಿಯ ದಾರಿಯೂ ಎರಡು ಕವಲು. ಮ್ಯಾಜಿಸ್ಟ್ರೇಟ್ ನೀಡಿದ ಶಿಕ್ಷೆಯ ವಿರುದ್ಧ 30 ದಿನಗಳೊಳಗೆ ಸೆಷನ್ಸ್ ನ್ಯಾಯಾಲಯಕ್ಕೆ. ಸೆಷನ್ಸ್ ನ್ಯಾಯಾಲಯದ್ದಾದರೆ 60 ದಿನಗಳೊಳಗೆ ಬೆಂಗಳೂರಿನ ಹೈಕೋರ್ಟ್‌ಗೆ. ಜೈಲಿನಲ್ಲಿರುವವನು ಕಾರಾಗೃಹದ ಅಧಿಕಾರಿಯ ಮೂಲಕವೇ ಅರ್ಜಿ ಕಳುಹಿಸಬಹುದು. ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆ ಅಮಾನತಿನಲ್ಲಿಡುವಂತೆ ಕೋರಲೂ ಅವಕಾಶವಿದೆ. ಅದು ಸಿಗದವನಿಗೆ, ತೀರ್ಪು ಬರುವಷ್ಟರಲ್ಲಿ ಶಿಕ್ಷೆಯ ಬಹುಪಾಲು ಕಳೆದಿರುವುದೂ ಉಂಟು.

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಹಠಾತ್ತನೆ ಕಿತ್ತೋಡುವುದನ್ನು ಭಾರತೀಯ ನ್ಯಾಯ ಸಂಹಿತೆಯ 304ನೇ ಸೆಕ್ಷನ್ ಪ್ರತ್ಯೇಕ ಅಪರಾಧವಾಗಿಸಿದೆ. ಅದಕ್ಕೆ 3 ವರ್ಷದವರೆಗೆ ಶಿಕ್ಷೆ. ಸರಗಳ್ಳತನ ಸುಲಿಗೆಯೋ ಕಿತ್ತೋಟವೋ ಎಂಬ ವಾದ ಇನ್ನು ಮೇಲ್ಮನವಿಗಳಲ್ಲಿ ಏಳುವುದು ಖಚಿತ. ಶೋಧ ಮತ್ತು ವಶಪಡಿಕೆಯನ್ನು ಚಿತ್ರೀಕರಿಸಿ ವಿಳಂಬವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳುಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಗಿರವಿ ಅಂಗಡಿಯ ಕಪಾಟು ತೆರೆದಾಗ ಪೊಲೀಸರ ಮೊಬೈಲ್ ಚಾಲೂ ಇತ್ತೇ, ಆ ಚಿತ್ರೀಕರಣಕ್ಕೆ ಸಾಕ್ಷ್ಯ ಅಧಿನಿಯಮ ಕೇಳುವ ಪ್ರಮಾಣಪತ್ರ ಲಗತ್ತಾಗಿದೆಯೇ ಎಂಬುದನ್ನೂ ಮೇಲ್ಮನವಿಯ ವಕೀಲರು ಇನ್ನು ಕಡತದಲ್ಲಿ ಹುಡುಕಲಿದ್ದಾರೆ.